ಚಿಲ್ಲರ್ ತಗೊಳ್ಳುವಾಗ ಲೀಟರ್ ನೋಡಿ ಕೆಟ್ಟೆ: ಮಂಗಳೂರಿನ ಒಂದು ಸಿಗಡಿ ತೊಟ್ಟಿಯ ಕತೆ

ಮೊದಲೇ ಹೇಳಿಬಿಡುತ್ತೇನೆ, ನಾನು ಎರಡು ತಿಂಗಳಲ್ಲಿ ಎರಡು ಚಿಲ್ಲರ್, ಅಂದರೆ ತೊಟ್ಟಿಯ ನೀರನ್ನು ತಂಪು ಮಾಡುವ ಯಂತ್ರ, ಕೊಂಡವನು. ಮೊದಲನೆಯದನ್ನು ಲೀಟರ್ ನೋಡಿ ಕೊಂಡೆ, ಎರಡನೆಯದನ್ನು ವ್ಯಾಟ್ ನೋಡಿ ಕೊಂಡೆ. ಈ ಎರಡರ ನಡುವೆ 29 ಸಿಗಡಿಗಳು ಸತ್ತವು. ಯಾರಾದರೂ ತೊಟ್ಟಿಗೆ ಚಿಲ್ಲರ್ ಹುಡುಕುತ್ತಿದ್ದರೆ ಇದನ್ನು ಓದಿ ಆಮೇಲೆ ದುಡ್ಡು ಕೊಡಿ.

ತೊಟ್ಟಿ ಇರುವುದು ಮಂಗಳೂರಿನಲ್ಲಿ, ಎರಡನೇ ಮಹಡಿಯ ಫ್ಲ್ಯಾಟ್, ಹಾಲ್‌ನ ಒಂದು ಗೋಡೆ ಪಡುವಣಕ್ಕೆ. ಮಧ್ಯಾಹ್ನ ಎರಡರ ಮೇಲೆ ಆ ಗೋಡೆ ಮುಟ್ಟಿದರೆ ದೋಸೆ ಕಾವಲಿ ನೆನಪಾಗುತ್ತದೆ. ಹಾಲ್‌ನಲ್ಲಿ ಏಸಿ ಇಲ್ಲ. ತೊಟ್ಟಿಯ ಅಳತೆ 3 ಅಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರ. ಗುಣಿಸಿದರೆ 191 ಲೀಟರ್ ಬರುತ್ತದೆ. ಆದರೆ ಯಾರೂ ಅಂಚಿನವರೆಗೆ ತುಂಬಿಸುವುದಿಲ್ಲ, ಮೇಲೆ ಎರಡು ಇಂಚು ಬಿಡುತ್ತೇವೆ, ಕೆಳಗೆ ಮಣ್ಣು, ಕಲ್ಲು, ಮರದ ಬೇರು. ತೊಟ್ಟಿಯ ಹೊರಗಿಡುವ ಡಬ್ಬದಂಥ ಕ್ಯಾನಿಸ್ಟರ್ ಫಿಲ್ಟರಿನ ಒಳಗಿನ ನೀರೂ ಸೇರಿ ನಿಜವಾದ ನೀರು 150 ಲೀಟರ್. ಬಕೆಟ್ ಎಣಿಸಿಯೇ ತುಂಬಿಸಿದ್ದು, ಹಾಗಾಗಿ ಈ ಸಂಖ್ಯೆ ಮೇಲೆ ನನಗೆ ನಂಬಿಕೆ ಉಂಟು.

ಒಳಗೆ ಪಾಚಿ, ಗಿಡ, ಮತ್ತೆ ಕ್ರಿಸ್ಟಲ್ ರೆಡ್ ಸಿಗಡಿ. ಕೆಂಪು ಬಿಳಿ ಪಟ್ಟಿಯ, ಉಗುರಿನಷ್ಟು ಉದ್ದದ ಜೀವ. ಇವುಗಳ ಮೂಲ ದಕ್ಷಿಣ ಚೀನಾದ ಗುಡ್ಡದ ತೊರೆಗಳು, ಈ ಕೆಂಪು ಬಣ್ಣವನ್ನು ಆರಿಸಿ ಆರಿಸಿ ಬೆಳೆಸಿದ್ದು 1990ರ ದಶಕದ ಜಪಾನಿನಲ್ಲಿ. ಇವಕ್ಕೆ 21ರಿಂದ 24 ಡಿಗ್ರಿ ನೀರು ಬೇಕು. 26 ದಾಟಿದರೆ ಮರಿ ಹಾಕುವುದು ನಿಲ್ಲುತ್ತದೆ, ಹೊಟ್ಟೆಯಡಿ ಹೊತ್ತ ಮೊಟ್ಟೆಯನ್ನು ಉದುರಿಸುತ್ತವೆ, 29-30ಕ್ಕೆ ಹೋದರೆ ಒಂದೊಂದೇ ಸಾಯುತ್ತವೆ. ಊರಿಡೀ ಎಟ್ಟಿ (ತುಳುವಿನಲ್ಲಿ ಸಿಗಡಿ) ಸುಕ್ಕಾ ತಿನ್ನುವ ಜಾಗದಲ್ಲಿ ಎಟ್ಟಿಗೆ ತಂಪು ಮಾಡಿ ಸಾಕುವವನು ನಾನೊಬ್ಬನೇ ಇರಬೇಕು, ನೆರೆಮನೆಯವರು ಇದನ್ನು ನೆನಪಿಸದ ದಿನವಿಲ್ಲ.

ಡಿಸೆಂಬರಿನಲ್ಲಿ 40 ಸಿಗಡಿ ಬಿಟ್ಟೆ. ಆಗ ಒಂದು ಚಿಕ್ಕ ಫ್ಯಾನ್ ನೀರಿನ ಮೇಲೆ ಬೀಸಿದರೆ 25ಕ್ಕೆ ನಿಲ್ಲುತ್ತಿತ್ತು. ಖುಷಿಯಲ್ಲಿದ್ದೆ. ಮಾರ್ಚ್ ಬಂತು, ಸೆಕೆ ಬಂತು. ಫ್ಯಾನ್ ಅದೇ, ಆದರೆ ನೀರು 29.5. ಫ್ಯಾನ್ ಇಲ್ಲದಿದ್ದರೆ 31.

ಇಲ್ಲಿ ಸ್ವಲ್ಪ ನಿಲ್ಲಬೇಕು, ಯಾಕೆಂದರೆ "ಚಿಲ್ಲರ್ ಯಾಕೆ ಮಾರಾಯ, ಫ್ಯಾನ್ ಸಾಕು" ಅಂತ ಹೇಳಿದವರೆಲ್ಲ ಬೆಂಗಳೂರಿನವರು ಇಲ್ಲ ಬಯಲುಸೀಮೆಯವರು. ಅವರು ಸುಳ್ಳು ಹೇಳಲಿಲ್ಲ, ಅವರ ಊರಿನ ಮಟ್ಟಿಗೆ ಅದು ನಿಜ. ಕಲಬುರಗಿಯಲ್ಲಿ ಹೊರಗೆ 40 ಡಿಗ್ರಿ ಇದ್ದರೂ ಮಣ್ಣಿನ ಮಡಕೆಯ ನೀರು ತಣ್ಣಗಿರುತ್ತದೆ, ಅಲ್ವಾ? ಮಂಗಳೂರಿನಲ್ಲಿ 33 ಇದ್ದರೂ ಮಡಕೆಯ ನೀರು ಅಷ್ಟೇನೂ ತಣ್ಣಗಾಗುವುದಿಲ್ಲ. ಒಣ ಗಾಳಿಗೆ ನೀರು ಬೇಗ ಆರುತ್ತದೆ, ಆರುವಾಗ ಬಿಸಿಯನ್ನು ಎಳೆದುಕೊಂಡು ಹೋಗುತ್ತದೆ. ಒಂದು ಲೀಟರ್ ನೀರು ಆವಿಯಾದರೆ ನನ್ನ 150 ಲೀಟರಿನ ತೊಟ್ಟಿಯನ್ನು ಹೆಚ್ಚುಕಡಿಮೆ 4 ಡಿಗ್ರಿ ಇಳಿಸುವಷ್ಟು ಶಾಖ ಹೋಗುತ್ತದೆ. ಆದರೆ ಏಪ್ರಿಲ್-ಮೇಯಲ್ಲಿ ಇಲ್ಲಿನ ಗಾಳಿಯೇ ನೀರು ಕುಡಿದು ಹೊಟ್ಟೆ ತುಂಬಿಸಿಕೊಂಡಿರುತ್ತದೆ, ಇನ್ನೆಲ್ಲಿ ಆರುವುದು. ಲೆಕ್ಕ ಹಾಕಿದರೆ ಆ ಹೊತ್ತಿಗೆ ಎಂಥ ಫ್ಯಾನ್ ಹಾಕಿದರೂ 28ರ ಕೆಳಗೆ ಇಳಿಯುವ ಹಾಗಿಲ್ಲ.

ಮತ್ತೊಂದು ವಿಷಯ ನನಗೆ ಆಗ ಹೊಳೆದಿರಲಿಲ್ಲ. ಇಲ್ಲಿನ ಗಾಳಿಯಲ್ಲಿರುವ ತೇವ ಮೇ ತಿಂಗಳಲ್ಲಿ 25-26 ಡಿಗ್ರಿಯ ಯಾವ ವಸ್ತು ಸಿಕ್ಕಿದರೂ ಅದರ ಮೇಲೆ ಹನಿಯಾಗಿ ಕೂರುತ್ತದೆ. ತೊಟ್ಟಿಯನ್ನು 23ಕ್ಕೆ ಇಳಿಸಿದೆವು ಅನ್ನಿ. ಆಗ ನೀರು ಆರುವುದು ಬಿಡಿ, ಉಲ್ಟಾ ಆಗುತ್ತದೆ. ಗಾಳಿಯ ತೇವ ಬಂದು ಗಾಜಿನ ಮೇಲೆ, ನೀರಿನ ಮೇಲೆ ಕೂತು ತನ್ನ ಶಾಖವನ್ನು ತೊಟ್ಟಿಗೆ ಕೊಡುತ್ತದೆ. ಫ್ರಿಜ್ಜಿನಿಂದ ತೆಗೆದ ಬಾಟಲಿ ಬೆವರುತ್ತದಲ್ಲ, ಹಾಗೆ. ಅಂದರೆ ಅದೇ ತೊಟ್ಟಿ, ಅದೇ ಲೀಟರ್, ಬೆಂಗಳೂರಿನಲ್ಲಿ ಒಂದು ಚಿಲ್ಲರ್ ಕೇಳಿದರೆ ಮಂಗಳೂರಿನಲ್ಲಿ ಬೇರೆಯದನ್ನೇ ಕೇಳುತ್ತದೆ.

ಇದು ಗೊತ್ತಿಲ್ಲದೆ ಮಾರ್ಚ್ ಕೊನೆಗೆ ಮೊದಲ ಚಿಲ್ಲರ್ ತಗೊಂಡೆ. 1/10 ಎಚ್‌ಪಿ (ಹಾರ್ಸ್‌ಪವರ್), ಸೆಕೆಂಡ್ ಹ್ಯಾಂಡ್, ₹11,000. ಡಬ್ಬದ ಮೇಲೆ "200 ಲೀಟರ್ ತನಕ" ಅಂತ ದೊಡ್ಡದಾಗಿ ಬರೆದಿತ್ತು, ನನ್ನದು 150, ಐವತ್ತು ಲೀಟರ್ ಜಾಸ್ತಿಯೇ ಇದೆ, ಮತ್ತೇನು ಬೇಕು ಅಂದುಕೊಂಡೆ. ಮಾರಿದವರೂ ಹಾಗೇ ಹೇಳಿದರು. ಅಮ್ಮ ಮಾತ್ರ 1/4ರ ಡಬ್ಬ ನೋಡಿ "ಹತ್ತು ದೊಡ್ಡದು, ನಾಲ್ಕು ಯಾಕೆ" ಅಂದಳು. ಆಕೆ ಇವತ್ತಿಗೂ ಆ ಮಷಿನ್ನನ್ನು ಚಿಲ್ಲರೆ ಅಂತಲೇ ಕರೆಯುವುದು. ಖರ್ಚು ನೋಡಿದರೆ ಅದೇನೂ ಚಿಲ್ಲರೆ ಅಲ್ಲ.

ಮ್ಯಾನುಯಲ್ಲಿನ ಕೊನೇ ಪುಟ ನೋಡಿದ್ದರೆ ಆವತ್ತೇ ತಿಳಿಯುತ್ತಿತ್ತು. ಆ 200 ಲೀಟರಿನ ಮಾತು ಕೋಣೆ 30 ಡಿಗ್ರಿ ಇದ್ದು, ನೀರನ್ನು 25ಕ್ಕೆ ಇಳಿಸುವುದಾದರೆ ಮಾತ್ರ. ನನ್ನ ಕೋಣೆ 33-34, ನನಗೆ ಬೇಕಾದದ್ದು 23. ಅವರದ್ದು 5 ಡಿಗ್ರಿ ಕೆಲಸ, ನನ್ನದು 10 ಡಿಗ್ರಿ ಕೆಲಸ. ಅದೇ ಪುಟದಲ್ಲಿ ಚಿಕ್ಕ ಅಕ್ಷರದಲ್ಲಿ ತಂಪು ಮಾಡುವ ಶಕ್ತಿ 165 ವ್ಯಾಟ್ ಅಂತಲೂ ಇತ್ತು. ಇದು ಕರೆಂಟ್ ಎಳೆಯುವ ವ್ಯಾಟ್ ಅಲ್ಲ, ನೀರಿನಿಂದ ಶಾಖ ತೆಗೆಯುವ ವ್ಯಾಟ್. ಎರಡೂ ಬೇರೆ ಬೇರೆ. ಎಚ್‌ಪಿ ಅನ್ನುವುದು ಕಂಪ್ರೆಸರಿನ ದಪ್ಪ ಅಂದಾಜು ಅಷ್ಟೇ, ಒಂದೇ ಎಚ್‌ಪಿ ಬರೆದ ಎರಡು ಕಂಪನಿಯ ಯಂತ್ರಗಳು ಬೇರೆ ಬೇರೆ ಕೆಲಸ ಮಾಡಬಹುದು.

ತಪ್ಪಿನ ಮೇಲೆ ತಪ್ಪು ಅಂತ, ಶಬ್ದ ಕೇಳಬಾರದೆಂದು ಚಿಲ್ಲರನ್ನು ತೊಟ್ಟಿಯ ಕೆಳಗಿನ ಕಪಾಟಿನ ಒಳಗಿಟ್ಟು ಬಾಗಿಲು ಹಾಕಿದೆ. ಚಿಲ್ಲರ್ ಶಾಖವನ್ನು ನುಂಗಿಬಿಡುವುದಿಲ್ಲ, ನೀರಿನಿಂದ ಎತ್ತಿ ಗಾಳಿಗೆ ಎಸೆಯುತ್ತದೆ, ಜೊತೆಗೆ ತಾನು ಎಳೆದ ಕರೆಂಟಿನ ಬಿಸಿಯನ್ನೂ ಸೇರಿಸಿ. ನನ್ನದು 140 ವ್ಯಾಟ್ ಕರೆಂಟ್ ಎಳೆಯುತ್ತಿತ್ತು. ಅಂದರೆ ಮುಚ್ಚಿದ ಪ್ಲೈವುಡ್ ಡಬ್ಬದೊಳಗೆ 250-300 ವ್ಯಾಟಿನ ಹೀಟರ್ ಇಟ್ಟ ಹಾಗೆ. ಆಮೇಲೆ ಥರ್ಮಾಮೀಟರ್ ಇಟ್ಟು ನೋಡಿದಾಗ ಕಪಾಟಿನೊಳಗೆ 44 ಡಿಗ್ರಿ. ಆ ಬಿಸಿ ಗಾಳಿಯನ್ನೇ ಮತ್ತೆ ಎಳೆದುಕೊಂಡು ಅದು ತಂಪು ಮಾಡಬೇಕು, ಪಾಪ.

ಇಪ್ಪತ್ತನಾಲ್ಕು ಗಂಟೆ ಓಡಿ ಓಡಿ ನೀರು 27ಕ್ಕೆ ನಿಂತಿತು. ಸೆಟ್ ಮಾಡಿದ್ದು 23. ನಾನು ಅದನ್ನು ಹೇಗೋ ಒಪ್ಪಿಕೊಂಡಿದ್ದೆ, 31ಕ್ಕಿಂತ ವಾಸಿ ಅಂತ. ಏಪ್ರಿಲ್ ಎರಡನೇ ವಾರ ಉಡುಪಿಯಲ್ಲಿ ಮದುವೆ, ಎರಡು ದಿನ ಹೋದೆವು. ಆ ನಡುವೆ ಕಂಪ್ರೆಸರ್ ಬಿಸಿ ತಡೆಯಲಾರದೆ ಟ್ರಿಪ್ ಆಗಿ ನಿಂತಿತ್ತು. ಬಂದು ನೋಡಿದರೆ ನೀರು 30.5, ತೊಟ್ಟಿಯ ತಳದಲ್ಲಿ ಬೆಳ್ಳಗಾದ ಸಿಗಡಿಗಳು. ಉಳಿದ 11ನ್ನು ಅದೇ ನೀರಿನ ಜೊತೆ ಒಂದು ಟಬ್ಬಿಗೆ ಹಾಕಿ ಅಕ್ಕನ ಮನೆಯ ಏಸಿ ರೂಮಿಗೆ ಸಾಗಿಸಿದೆ. ಭಾವ ಒಂದು ಮಾತು ಆಡಲಿಲ್ಲ, ಅದು ಅವರ ದೊಡ್ಡತನ.

ಈಗ ತೊಟ್ಟಿ ಖಾಲಿ. ಸಿಗಡಿ ಇಲ್ಲದ ಮೇಲೆ ಏನು ಬೇಕಾದರೂ ಪ್ರಯೋಗ ಮಾಡಬಹುದು. ನನಗೆ ಬೇಕಾಗಿದ್ದದ್ದು ಒಂದೇ ಉತ್ತರ: ಬೇಸಿಗೆಯ ಮಧ್ಯಾಹ್ನ ಈ ತೊಟ್ಟಿಯೊಳಗೆ ಗಂಟೆಗೆ ಎಷ್ಟು ಶಾಖ ನುಗ್ಗುತ್ತದೆ? ಗಾಜಿನ ವಿಸ್ತೀರ್ಣ, ದಪ್ಪ, ಗಾಳಿ ಅಂತ ಲೆಕ್ಕ ಹಾಕುವವರು ಹಾಕಲಿ. ನಾನು ಸುಲಭದ ದಾರಿ ಹಿಡಿದೆ. ಒಂದು ಲೀಟರ್ ನೀರನ್ನು ಒಂದು ಡಿಗ್ರಿ ಏರಿಸಲು 1.16 ವ್ಯಾಟ್-ಗಂಟೆ ಬೇಕು. 150 ಲೀಟರಿಗೆ 174. ಹಾಗಾದರೆ ನೀರನ್ನು ತಣ್ಣಗೆ ಮಾಡಿ, ಚಿಲ್ಲರ್ ಆರಿಸಿ, ಗಂಟೆಗೆ ಎಷ್ಟು ಡಿಗ್ರಿ ಏರುತ್ತದೆ ಅಂತ ನೋಡಿ 174ರಿಂದ ಗುಣಿಸಿದರೆ ಮುಗಿಯಿತು. ತೊಟ್ಟಿಯೇ ಮೀಟರ್.

ತಣ್ಣಗೆ ಮಾಡುವುದಕ್ಕೆ ಬಂದರಿನ ಧಕ್ಕೆಯಿಂದ (ಮೀನು ಇಳಿಸುವ ಕಟ್ಟೆ) ಐಸ್ ತಂದೆ. ಮೀನಿಗೆ ಹಾಕುವ ಐಸ್, ಎರಡು ಪ್ಲಾಸ್ಟಿಕ್ ಕವರಿನಲ್ಲಿ ಗಂಟು ಕಟ್ಟಿ ಮುಳುಗಿಸಿದ್ದು, ನೀರಿಗೆ ನೇರ ಹಾಕಲಿಲ್ಲ. ಒಂದು ಕಿಲೋ ಐಸ್ ಕರಗಿ 23 ಡಿಗ್ರಿಗೆ ಬರುವಷ್ಟರಲ್ಲಿ ಸುಮಾರು 120 ವ್ಯಾಟ್-ಗಂಟೆ ಶಾಖ ಹೀರುತ್ತದೆ, ನನಗೆ 8 ಡಿಗ್ರಿ ಇಳಿಸಬೇಕಿತ್ತು, ಲೆಕ್ಕದ ಪ್ರಕಾರ 12 ಕಿಲೋ. 15 ಕಿಲೋ ತಂದದ್ದು ಒಳ್ಳೆಯದಾಯಿತು. ಕವರ್ ತೆಗೆದು ಅರ್ಧ ಗಂಟೆ ಫಿಲ್ಟರ್ ಓಡಿಸಿದೆ, ನೀರೆಲ್ಲ ಒಂದೇ ಸಮ ಆಗಲಿ ಅಂತ. ಲೈಟ್ ಉರಿಯುತ್ತಿತ್ತು, ಫಿಲ್ಟರ್ ಓಡುತ್ತಿತ್ತು, ಕೋಣೆ 33.

ಮಧ್ಯಾಹ್ನ ಒಂದೂವರೆಗೆ 22.6. ಎರಡೂವರೆಗೆ 23.9. ಮೂರೂವರೆಗೆ 25. ನಾಲ್ಕೂವರೆಗೆ 25.9. ಐದೂವರೆಗೆ 26.7.

ಮೊದಲ ಗಂಟೆ 1.3 ಡಿಗ್ರಿ. ಗುಣಿಸಿದರೆ 226 ವ್ಯಾಟ್. ಅಂದರೆ 23 ಡಿಗ್ರಿಯ ಆಸುಪಾಸಿನಲ್ಲಿ ಹಿಡಿದಿಡಲು ಪ್ರತಿ ಕ್ಷಣ 226 ವ್ಯಾಟ್ ಹೊರಗೆ ಎಸೆಯಬೇಕು, ನನ್ನ ಯಂತ್ರದ ಮೇಲೆ ಬರೆದದ್ದೇ 165. ಹೇಗೆ ಆದೀತು? ಮಣ್ಣು, ಕಲ್ಲು ಕೂಡ ಸ್ವಲ್ಪ ಶಾಖ ಹಿಡಿಯುವುದರಿಂದ ನಿಜವಾದ ಸಂಖ್ಯೆ ಇನ್ನೂ ತುಸು ಮೇಲೆಯೇ. ಆ ದಿನ ಕಾಗದದ ಮೇಲೆ ಇದನ್ನು ಬರೆದು ಸುಮ್ನೆ ಕೂತಿದ್ದೆ, ಐಸಿಗೆ ಕೊಟ್ಟ ದುಡ್ಡಿನಲ್ಲಿ ಗೊತ್ತಾಗಬೇಕಿದ್ದದ್ದು ಹನ್ನೊಂದು ಸಾವಿರಕ್ಕೆ ಗೊತ್ತಾಯಿತಲ್ಲ ಅಂತ.

ಇನ್ನೊಂದು ಗಮನಿಸಿ. ಕೊನೇ ಗಂಟೆಯಲ್ಲಿ ಏರಿದ್ದು 0.8 ಮಾತ್ರ. ನೀರು ಕೋಣೆಯ ಬಿಸಿಗೆ ಹತ್ತಿರವಾದಷ್ಟೂ ಒಳಗೆ ಬರುವ ಶಾಖ ಕಡಿಮೆ. ಅದೇ ಗೆರೆ ಎಳೆದರೆ 27ರಲ್ಲಿ ಗಂಟೆಗೆ 0.65, ಅಂದರೆ 115 ವ್ಯಾಟ್. ಚಿಲ್ಲರ್ 27ಕ್ಕೆ ನಿಂತಿತ್ತಲ್ಲ? ಹಾಗಾದರೆ 165 ಅಂತ ಬರೆದ ಯಂತ್ರ ಕಪಾಟಿನೊಳಗೆ ಕೊಡುತ್ತಿದ್ದದ್ದು ಬರೀ 115. ಹೊರಗೆ ತೆಗೆದು, ಸುತ್ತ ಒಂದು ಅಡಿ ಜಾಗ ಬಿಟ್ಟು, ಜಾಲರಿಯ ಧೂಳು ಬ್ರಷ್ಷಿನಿಂದ ಒರೆಸಿ ಓಡಿಸಿದೆ. ನೀರು 26ಕ್ಕೆ ಬಂತು, ಅಂದರೆ ಸುಮಾರು 145 ವ್ಯಾಟ್. ಯಂತ್ರ ಅದೇ, ಜಾಗ ಬದಲಾದದ್ದಕ್ಕೆ 30 ವ್ಯಾಟ್ ಪುಕ್ಕಟೆ.

ಇಷ್ಟಾದ ಮೇಲೆ ಅಂಗಡಿಗೆ ಹೋಗಿ 1/4 ಎಚ್‌ಪಿ ತಂದುಬಿಡಬಹುದಿತ್ತು, ಅಲ್ಲೊಬ್ಬರು ಅರ್ಧ ಎಚ್‌ಪಿಯನ್ನೇ ತಗೊಳ್ಳಿ ಅಂತ ಒತ್ತಾಯ ಮಾಡಿದರು. ದೊಡ್ಡದು ತಂದರೆ ಕೆಟ್ಟದೇನೂ ಆಗುವುದಿಲ್ಲ, ಬೇಗ ತಂಪು ಮಾಡಿ ನಿಲ್ಲುತ್ತದೆ. ಆದರೆ ಬೆಲೆ ಜಾಸ್ತಿ, ಶಬ್ದ ಜಾಸ್ತಿ, ಬೇಕಾದ ನೀರಿನ ಓಟವೂ ಜಾಸ್ತಿ, ನನ್ನ ಫಿಲ್ಟರ್ ಅದಕ್ಕೆ ಸಾಲುವುದಿಲ್ಲ, ಬೇರೆ ಪಂಪ್ ಬೇಕು, ಆ ಪಂಪ್ ಮತ್ತೆ ನೀರಿಗೆ ಬಿಸಿ ಸೇರಿಸುತ್ತದೆ. ಅದಕ್ಕೆ ಮೊದಲು ಒಳಗೆ ಬರುವ ಶಾಖವನ್ನೇ ಕಡಿಮೆ ಮಾಡೋಣ ಅಂತ ಹೊರಟೆ. ಸೋರುವ ಬಕೆಟಿಗೆ ದೊಡ್ಡ ನಲ್ಲಿ ಯಾಕೆ.

ಮೇಲೆ 4 ಎಂಎಂ ಗಾಜಿನ ಮುಚ್ಚಳ ಹಾಕಿದೆ. ಫ್ಯಾನ್ ಕಾಲದಲ್ಲಿ ಮುಚ್ಚಳ ಶತ್ರು, ನೀರು ಆರಬೇಕಲ್ಲ. ಚಿಲ್ಲರ್ ಬಂದ ಮೇಲೆ ಅದೇ ಮುಚ್ಚಳ ಮಿತ್ರ, ಬೆವರುವ ಗಾಳಿಯನ್ನು ತಣ್ಣನೆ ನೀರಿನಿಂದ ದೂರ ಇಡುತ್ತದೆ. ಹಿಂದಿನ ಗಾಜಿಗೆ, ಎರಡು ಪಕ್ಕಕ್ಕೆ ಗಟ್ಟಿ ಥರ್ಮಾಕೋಲ್ ಹಾಳೆ ಅಂಟಿಸಿ ಕಪ್ಪು ಬಣ್ಣ ಬಳಿದೆ. ಅಂಚಿನಲ್ಲಿ ಇಣುಕಿದರೆ ಮದುವೆ ಮಂಟಪದ ಹಿಂಭಾಗ ಕಂಡ ಹಾಗೆ ಕಾಣುತ್ತದೆ, ಎದುರಿನಿಂದ ಚೆನ್ನಾಗಿಯೇ ಇದೆ. 70 ವ್ಯಾಟಿನ ಲೈಟನ್ನು 45ಕ್ಕೆ ಇಳಿಸಿದೆ, ಉರಿಯುವ ಹೊತ್ತನ್ನು ಸಂಜೆ ಆರರಿಂದ ರಾತ್ರಿ ಹನ್ನೊಂದರ ತನಕ ಅಂತ ಬದಲಿಸಿದೆ. ಸಿಗಡಿಗೆ, ಪಾಚಿಗೆ ಮಧ್ಯಾಹ್ನವೇ ಬೆಳಕು ಬೇಕೆಂದು ಹಟವಿಲ್ಲ. ಪೈಪುಗಳಿಗೆ ಏಸಿ ಪೈಪಿನ ಮೇಲೆ ಹಾಕುವ ಕಪ್ಪು ಫೋಮ್ ತೊಡಿಸಿದೆ. ಅಷ್ಟರೊಳಗೆ ಅವು ಬೆವರಿ ಬೆವರಿ ಕಪಾಟಿನ ಒಂದು ಹಲಗೆ ಉಬ್ಬಿ ಹೋಗಿತ್ತು.

ಮತ್ತೆ ಧಕ್ಕೆ, ಮತ್ತೆ ಐಸ್. ಐಸ್ ಕೊಡುವವನು "ಎಂತ, ಮೀನು ವ್ಯಾಪಾರವಾ?" ಅಂತ ಕೇಳಿದ. ಈ ಸಲವೂ ಲೈಟ್ ಉರಿಸಿಯೇ ಪರೀಕ್ಷೆ ಮಾಡಿದೆ, ಕೆಟ್ಟ ಹೊತ್ತಿನ ಲೆಕ್ಕವೇ ಇರಲಿ ಅಂತ. ಮೊದಲ ಗಂಟೆ ಏರಿದ್ದು 0.75. ಅಂದರೆ 130 ವ್ಯಾಟ್. 226 ಇದ್ದದ್ದು 130. ಜೊತೆಗೆ 23ರ ಆಸೆ ಬಿಟ್ಟು 24ಕ್ಕೆ ಒಪ್ಪಿಕೊಂಡರೆ ಇನ್ನೂ ತುಸು ಇಳಿಯುತ್ತದೆ, ಬೆವರುವುದೂ ಕಡಿಮೆ. ಹೇಗೂ ಸಿಗಡಿಗೆ 24 ಸಾಕು. ಸುರಕ್ಷಿತವಾಗಿ 125 ಅಂತ ಇಟ್ಟುಕೊಂಡೆ.

ನೀವು ಕೇಳಬಹುದು, ಹಾಗಾದರೆ ಹಳೇ ಚಿಲ್ಲರ್ ಸಾಕಲ್ಲ, 145 ಕೊಡುತ್ತಿತ್ತಲ್ಲ ಅಂತ. ನಾನೂ ಅದನ್ನೇ ಆಸೆಪಟ್ಟೆ. ಆದರೆ ನೀರು ತಣ್ಣಗಾದಷ್ಟೂ ಚಿಲ್ಲರಿನ ಶಕ್ತಿ ಇಳಿಯುತ್ತದೆ, 26ರಲ್ಲಿ 145 ಕೊಟ್ಟದ್ದು 24ರಲ್ಲಿ 135 ಕೊಟ್ಟರೆ ಹೆಚ್ಚು. ನಾಲ್ಕು ದಿನ ಓಡಿಸಿ ನೋಡಿದೆ, ಬೆಳಿಗ್ಗೆ ಹನ್ನೊಂದರಿಂದ ನಡುರಾತ್ರಿ ತನಕ ಉಸಿರು ಬಿಡದೆ ಓಡಿತು, 24.5ಕ್ಕೆ ಹೇಗೋ ಹಿಡಿದಿಟ್ಟಿತು. ಆದರೆ ಕರೆಂಟ್ ಹೋದರೆ? ಎರಡು ಗಂಟೆ ಹೋದರೆ ನೀರು ಒಂದೂವರೆ ಡಿಗ್ರಿ ಏರುತ್ತದೆ ಅನ್ನಿ. ಅದನ್ನು ಮತ್ತೆ ಇಳಿಸಲು 260 ವ್ಯಾಟ್-ಗಂಟೆ ಬೇಕು. ಕೈಯಲ್ಲಿ ಉಳಿದಿರುವುದು 135ರಲ್ಲಿ 125 ಕಳೆದು ಹತ್ತು ವ್ಯಾಟ್. 26 ಗಂಟೆ! ಅಷ್ಟರೊಳಗೆ ಇನ್ನೊಂದು ಸಲ ಕರೆಂಟ್ ಹೋಗಿರುತ್ತದೆ. ನನಗೆ ಚಿಲ್ಲರಿನ ಸೈಜ್ ಅಂದರೆ ಏನು ಅಂತ ಅರ್ಥವಾದದ್ದು ಈ ಲೆಕ್ಕ ಹಾಕಿದಾಗ. ಹಿಡಿದಿಡುವ ಶಕ್ತಿ ಒಂದು, ಬಿದ್ದ ಮೇಲೆ ಎದ್ದು ಬರುವ ಶಕ್ತಿ ಇನ್ನೊಂದು, ಆ ಎರಡನೆಯದನ್ನು ಯಾವ ಡಬ್ಬದ ಮೇಲೂ ಬರೆದಿರುವುದಿಲ್ಲ.

ಕೊನೆಗೆ ತಗೊಂಡದ್ದು 1/6 ಎಚ್‌ಪಿ. ಅದರ ಮೇಲೆ ತಂಪಿನ ಶಕ್ತಿ 265 ವ್ಯಾಟ್ ಅಂತ ಇತ್ತು. ನಮ್ಮ ಸೆಕೆಗೆ ನೂರಕ್ಕೆ ಇಪ್ಪತ್ತು ಕಳೆದೆ, 212 ಉಳಿಯಿತು. 125ರ ಕೆಲಸಕ್ಕೆ 212 ಅಂದರೆ ಕೆಟ್ಟ ಮಧ್ಯಾಹ್ನದಲ್ಲೂ ಗಂಟೆಗೆ 35 ನಿಮಿಷ ಓಡಿದರೆ ಸಾಕು, ಆ ಎರಡು ಗಂಟೆಯ ಕರೆಂಟ್ ಕಟ್ಟಿನಿಂದ ಮೂರು ಗಂಟೆಯಲ್ಲಿ ವಾಪಸ್. ಒಳಗಿನ ಸುರುಳಿ ಟೈಟಾನಿಯಂದು ಅಂತ ಎರಡು ಸಲ ಕೇಳಿ ಖಾತ್ರಿ ಮಾಡಿಕೊಂಡೆ, ತಾಮ್ರ ಸಿಗಡಿಗೆ ವಿಷ. ಫಿಲ್ಟರಿನ ಡಬ್ಬದ ಮೇಲೆ ಗಂಟೆಗೆ 1000 ಲೀಟರ್ ಅಂತ ಇದ್ದರೂ ಬಕೆಟ್ ಹಿಡಿದು ಅಳೆದಾಗ ಬಂದದ್ದು 600. ಚಿಲ್ಲರ್ ಕೇಳುವ ಓಟದೊಳಗೆ ಅದು ಬರುತ್ತಿತ್ತು, ಬಚಾವ್.

ಇನ್ವರ್ಟರಿಗೆ ಚಿಲ್ಲರ್ ಕೊಡಲಿಲ್ಲ. ಕಂಪ್ರೆಸರ್ ಶುರುವಾಗುವಾಗ ಎಳೆಯುವ ಕರೆಂಟ್ ಓಡುವಾಗಿನದಕ್ಕಿಂತ ಎಷ್ಟೋ ಪಟ್ಟು ಜಾಸ್ತಿ, ನಮ್ಮ ಹಳೇ ಇನ್ವರ್ಟರ್ ಅದಕ್ಕೆ ಬಗ್ಗುವುದಿಲ್ಲ. ಫಿಲ್ಟರ್ ಮಾತ್ರ ಇನ್ವರ್ಟರಿನಲ್ಲಿ, ನೀರು ಓಡುತ್ತಿದ್ದರೆ ಉಸಿರಾದರೂ ಇರುತ್ತದೆ.

ಕರೆಂಟ್ ಬಿಲ್ಲಿನ ವಿಷಯ ಹೇಳದಿದ್ದರೆ ಮನೆಯಲ್ಲಿ ಒಪ್ಪುವುದಿಲ್ಲ. ಹಳೆಯ ಚಿಲ್ಲರ್ 140 ವ್ಯಾಟ್, ಆದರೆ ಹಗಲು ರಾತ್ರಿ ಓಟ, ದಿನಕ್ಕೆ 3.4 ಯೂನಿಟ್, ತಿಂಗಳಿಗೆ ನೂರು. ಹೊಸದು 190 ವ್ಯಾಟ್, ಆದರೆ ಹಗಲು ರಾತ್ರಿ ಸೇರಿ ದಿನಕ್ಕೆ ಓಡುವುದು 11 ಗಂಟೆ. ಪ್ಲಗ್ಗಿಗೆ ಮೀಟರ್ ಹಾಕಿ ನೋಡಿದೆ, ಮೇ ತಿಂಗಳಲ್ಲಿ 62 ಯೂನಿಟ್. ದೊಡ್ಡ ಯಂತ್ರ ಕಡಿಮೆ ತಿಂದಿತು! ಗೃಹಜ್ಯೋತಿಯಲ್ಲಿ ನಮ್ಮ ಮನೆಯ ಅರ್ಹತೆ 130 ಯೂನಿಟ್, ಬಳಸುವುದೂ ಅಷ್ಟೇ. 200 ದಾಟಿದರೆ ಪೂರ್ತಿ ಬಿಲ್ ಕಟ್ಟಬೇಕು, ದಾಟದಿದ್ದರೆ ಹೆಚ್ಚುವರಿ ಯೂನಿಟ್ಟಿಗೆ ಮಾತ್ರ. ಏಪ್ರಿಲಿನಲ್ಲಿ 230 ಆಗಿ ಮೆಸ್ಕಾಂ ಬಿಲ್ ನೋಡಿ ಅಪ್ಪ ತೊಟ್ಟಿಯನ್ನೇ ದಿಟ್ಟಿಸಿ ನೋಡಿದ್ದರು. ಮೇಯಲ್ಲಿ 192. ಥರ್ಮಾಕೋಲಿಗೆ ಕೊಟ್ಟ ದುಡ್ಡು ಅಲ್ಲೇ ವಸೂಲಾಯಿತು.

ಮೇ ಮೊದಲ ವಾರದಿಂದ ನೀರು 23.7 ಮತ್ತು 24.4ರ ನಡುವೆ ಇದೆ. ಬೆಳಿಗ್ಗೆ ಎದುರಿನ ಗಾಜು ಬೆವರಿರುತ್ತದೆ, ಒಂದು ಬಟ್ಟೆ ಅಲ್ಲೇ ಇಟ್ಟಿದ್ದೇನೆ. ಅಕ್ಕನ ಮನೆಯಿಂದ ಆ 11 ಸಿಗಡಿ ವಾಪಸ್ ಬಂದವು, ಜೂನ್ ಮಳೆ ಹಿಡಿಯುವ ಹೊತ್ತಿಗೆ ಎರಡರ ಹೊಟ್ಟೆಯಡಿ ಮೊಟ್ಟೆ ಕಂಡಿತು.

ಹಳೇ ಚಿಲ್ಲರನ್ನು ಮಾರಾಟಕ್ಕೆ ಹಾಕಿದೆ. ಮೈಸೂರಿನ ಹುಡುಗನೊಬ್ಬ ಫೋನ್ ಮಾಡಿ ಕೇಳಿದ ಮೊದಲ ಪ್ರಶ್ನೆ, "ಎಷ್ಟು ಲೀಟರ್ ತನಕ ಆಗುತ್ತೆ ಸರ್?" ನಾನು ಉತ್ತರ ಕೊಡಲಿಲ್ಲ, ಐಸ್ ತಂದು ಅಳೆದು ಹೇಳು ಅಂದೆ. ಹುಚ್ಚನ ಸಹವಾಸ ಅಂತ ಅವನು ಫೋನ್ ಇಟ್ಟ ಅಂದುಕೊಂಡಿದ್ದೆ, ಭಾನುವಾರ ಸಂಜೆ ಮೆಸೇಜ್ ಬಂತು. ಎರಡು ಅಡಿಯ ತೊಟ್ಟಿ, ನೀರು 50 ಲೀಟರ್, ಗಂಟೆಗೆ ಏರಿದ್ದು 0.9. ಅಂದರೆ 52 ವ್ಯಾಟ್. ಅವನಿಗೆ ಆ ಯಂತ್ರ ಧಾರಾಳ ಸಾಕು. ಕಪಾಟಿನೊಳಗೆ ಮಾತ್ರ ಇಡಬೇಡ ಅಂತ ಹೇಳಿ ಬಸ್ಸಿಗೆ ಹಾಕಿ ಕಳಿಸಿದೆ.